ಈ ಪದ ಎಲ್ಲಿಂದ ತಂದಿ

ಯಾರಾದರೂ ನನಗೆ "ಛಂದ ಬರದೀರಿ" ಅಂದರೆ ಈಗಲೂ ನಾನು ಮೊದಲು ಅವರ ಮುಖ ನೋಡುತ್ತೇನೆ. ಹೊಗಳಿಕೆಯ ಬೆನ್ನಿಗೇ ಒಂದು ಪ್ರಶ್ನೆ ಬರುತ್ತದೆ ಎಂದು ಕಾಯುತ್ತೇನೆ. ಬಹಳ ಸಲ ಬರುವುದಿಲ್ಲ. ಬರದಿದ್ದರೆ ನನ್ನ ಅನುಮಾನ ಇನ್ನೂ ಹೆಚ್ಚಾಗುತ್ತದೆ, ಮನಸ್ಸಿನಲ್ಲೇ ಇಟ್ಟುಕೊಂಡು ಹೋದರೋ ಏನೋ ಅಂತ. ಮನೆಯಲ್ಲಿ ನನ್ನನ್ನು ಸಂಶಯದ ಹೆಂಗಸು ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇದು ನನಗೆ ಹುಟ್ಟಿನಿಂದ ಬಂದ ಗುಣವಲ್ಲ. ಕಲಬುರಗಿಯ ಕಾಲೇಜಿನಲ್ಲಿ, ಇಂಗ್ಲಿಷ್ ವಿಷಯದಲ್ಲಿ, ನಾನು ಬೇರೆಲ್ಲದಕ್ಕಿಂತ ಚೆನ್ನಾಗಿ ಕಲಿತದ್ದು ಇದೊಂದನ್ನೇ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಮಲಾಪುರದ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಹತ್ತನೇ ತರಗತಿ ಮುಗಿಸಿ, ಪಿಯುಸಿ ಸೈನ್ಸಿಗೆ ಕಲಬುರಗಿಗೆ ಬಂದಿದ್ದೆ. ಹುಡುಗಿಯರ ಉಚಿತ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತ್ತು. ಸೀಟು ಕೊಡುವಾಗ ವಾರ್ಡನ್ ಒಂದೇ ಮಾತು ಹೇಳಿದ್ದರು, ಕಾಲೇಜಿನಿಂದ ನಿನ್ನ ಮೇಲೆ ಕಂಪ್ಲೇಂಟ್ ಬರಬಾರದು, ಬಂದರೆ ಗಂಟು ಕಟ್ಟು ಅಂತ. ಸೀಟು ಹೋದರೆ ಓದೂ ಹೋದ ಹಾಗೆ. ಊರಿಂದ ದಿನಾ ಬಸ್ಸಿಗೆ ಬಂದು ಹೋಗುವುದು, ಇಲ್ಲವೇ ಕಲಬುರಗಿಯಲ್ಲಿ ಬಾಡಿಗೆ ಕೋಣೆ ಹಿಡಿಯುವುದು, ಎರಡೂ ನಮ್ಮ ಮನೆಯ ಕೈಗೆ ನಿಲುಕುವ ಮಾತಾಗಿರಲಿಲ್ಲ.

ಅಪ್ಪ ಬಾಳೆಹಣ್ಣಿನ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ಕಮಲಾಪುರದ ಕೆಂಪು ಬಾಳೆ ಎಂದರೆ ಎಲ್ಲರಿಗೂ ಗೊತ್ತು, ತಿಂದವರು ರುಚಿ ಹೇಳುತ್ತಾರೆ. ಅದನ್ನು ಮಾಗಿಸುವವರ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಕಿಟಕಿ ಇಲ್ಲದ ಮಣ್ಣಿನ ಗೋಡೆಯ ಕೋಣೆ. ಒಳಗೆ ಒಣಗಿದ ಬಾಳೆ ಎಲೆ ಹಾಸಿ, ಗೊನೆಗಳನ್ನು ಒಂದರ ಮೇಲೊಂದು ಒಟ್ಟುತ್ತಾರೆ. ಮೂಲೆಯಲ್ಲಿ ಒಂದು ಗಡಿಗೆ, ಅದರಲ್ಲಿ ಸಗಣಿಯ ಕುಳ್ಳು ಮತ್ತು ಹೊಟ್ಟು. ಅದಕ್ಕೆ ಕೆಂಡ ಹಾಕಿ ಊದಿ ಊದಿ ಹೊಗೆ ಎಬ್ಬಿಸಿ, ಉಸಿರು ಕಟ್ಟುವ ಮುಂಚೆ ಹೊರಗೆ ಬಂದು, ಬಾಗಿಲಿನ ಸಂದಿಗೆಲ್ಲ ಹಸಿ ಮಣ್ಣು ಮೆತ್ತಬೇಕು. ಅಪ್ಪನದು ಆ ಕೆಲಸ. ಕೋಣೆ ಬೇರೆಯವರದು, ತೋಟ ಬೇರೆಯವರದು, ಹಣ್ಣು ಒಯ್ಯುವ ಲಾರಿ ಬೇರೆಯವರದು. ನಮ್ಮದು ಎಂದರೆ ಹೊಗೆಯೊಂದೇ.

ಬಾಗಿಲು ಮುಚ್ಚಿದ ಮೇಲೆ ಅದನ್ನು ತೆಗೆಯುವವರೆಗೂ ಒಳಗಿನ ಹಣ್ಣಿನ ಮಾತು ಯಾರೂ ಆಡುವಂತಿಲ್ಲ. ಛಲೋ ಆಗ್ತದ ಅನ್ನುವಂತಿಲ್ಲ, ಕೆಟ್ಟಾವೇನೋ ಅನ್ನುವಂತಿಲ್ಲ. ಮಾಲೀಕನೇ ಬಂದು ಕೇಳಿದರೂ ಅಪ್ಪ ತಲೆ ಬಗ್ಗಿಸಿ ಬೀಡಿ ಹಚ್ಚುತ್ತಿದ್ದ. ದೃಷ್ಟಿಯ ಭಯವೋ, ಹೇಳಿದ್ದು ಸುಳ್ಳಾದರೆ ಮರ್ಯಾದೆಯ ಭಯವೋ ನನಗೆ ಗೊತ್ತಿಲ್ಲ. ಆ ಕೆಲಸ ಮಾಡುವವರೆಲ್ಲ ಹಾಗೆಯೇ ಇದ್ದರು, ಅವರವರ ಮನೆಯಲ್ಲೂ ಹಾಗೆಯೇ ಇದ್ದರು. ನಾನು ಹತ್ತನೇ ತರಗತಿಯಲ್ಲಿ ಶಾಲೆಗೆ ಮೊದಲು ಬಂದಾಗ ಕೂಡ ಅಪ್ಪ ಮಗಳು ಜಾಣೆ ಎಂದು ಯಾರ ಮುಂದೆಯೂ ಹೇಳಿರಲಿಲ್ಲ. ನಾನು ಅದನ್ನು ಬಹಳ ದಿನ ಮನಸ್ಸಿಗೆ ಹಚ್ಚಿಕೊಂಡಿದ್ದೆ.

ಅರ್ಧವಾರ್ಷಿಕ ಪರೀಕ್ಷೆಯ ಇಂಗ್ಲಿಷ್ ಪೇಪರಿನಲ್ಲಿ 'ನನ್ನ ಮನೆ' ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಬಂದಿತ್ತು. ಗೈಡಿನಲ್ಲಿ ಅದು ತಯಾರೇ ಇತ್ತು. ನನ್ನ ಮನೆ ಚಿಕ್ಕದು, ಚೊಕ್ಕದು, ಮುಂದೆ ಹೂದೋಟ, ತೋಟದಲ್ಲಿ ಗುಲಾಬಿ, ಬಾಗಿಲಲ್ಲಿ ನಾಯಿ. ಕುಡಿಯುವ ನೀರಿಗೆ ಕೊಡ ಹಿಡಿದು ಸಾಲು ನಿಲ್ಲುವ ನಮ್ಮ ಊರುಗಳಲ್ಲಿ ಅವತ್ತು ಇಡೀ ಕ್ಲಾಸಿನ ಮನೆ ಮುಂದೆ ಗುಲಾಬಿ ಅರಳಿದವು. ನನ್ನ ಹತ್ತಿರ ಗೈಡು ಇರಲಿಲ್ಲ. ಗೆಳತಿಯರದನ್ನು ತಂದು ಬಾಯಿಪಾಠ ಮಾಡುವಷ್ಟು ಬುದ್ಧಿಯೂ ಇರಲಿಲ್ಲ. ಹಾಗಾಗಿ ಇದ್ದ ಮನೆಯನ್ನೇ ಬರೆದೆ. ತಗಡಿನ ಚಾವಣಿ, ಗೋಡೆಯ ಮೇಲೆ ನೀಲಿ ಕೋಟಿನ ಫೋಟೊ, ಅವ್ವನ ಒಲೆ. ಕೊನೆಗೆ ಅಪ್ಪನನ್ನು ತರಬೇಕಾಯಿತು. ಸಂಜೆ ನಮ್ಮ ಮನೆಗೆ ಮೊದಲು ಬರುವುದು ನಮ್ಮಪ್ಪನಲ್ಲ, ಬೆವರಿನಿಂದ ತೊಯ್ದ ಅವನ ಅಂಗಿಯ ವಾಸನೆ, ಅದರ ಹಿಂದೆ ಅವನು ಬರುತ್ತಾನೆ ಎಂದು ಬರೆಯಬೇಕೆನಿಸಿತು.

ಬೆವರಿನಿಂದ ತೊಯ್ದ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು? ಬೆವರಿಗೆ ಸ್ವೆಟ್ ಎಂದು ಗೊತ್ತಿತ್ತು. ತೊಯ್ದದ್ದಕ್ಕೆ ಗೊತ್ತಿರಲಿಲ್ಲ. ಆಗ ಬಾಟನಿ ಲ್ಯಾಬ್ ನೆನಪಾಯಿತು. ಅಲ್ಲಿ ಮೊಳಕೆಯ ಪಾಠಕ್ಕೆ ಕಡಲೆ ನೆನೆಹಾಕಿದ ಗಾಜಿನ ಪಾತ್ರೆಯ ಮೇಲೆ ಚೀಟಿ ಅಂಟಿಸಿದ್ದರು, 'ವಾಟರ್-ಸೋಕ್ಡ್' ಅಂತ. ನೀರಿನಲ್ಲಿ ನೆಂದ ಕಡಲೆ ವಾಟರ್-ಸೋಕ್ಡ್ ಆದರೆ, ಬೆವರಿನಲ್ಲಿ ನೆಂದ ಅಂಗಿ ಸ್ವೆಟ್-ಸೋಕ್ಡ್ ಯಾಕಾಗಬಾರದು? ನೀರು ತೆಗೆದು ಬೆವರು ಹಾಕಿದೆ, ನಡುವೆ ಆ ಚೀಟಿಯಲ್ಲಿ ಇದ್ದಂತೆಯೇ ಒಂದು ಸಣ್ಣ ಗೀಟು ಎಳೆದೆ. ಬರೆದ ಮೇಲೆ ಆ ಸಾಲನ್ನು ನಾಲ್ಕಾರು ಸಲ ಓದಿಕೊಂಡೆ. ಅಷ್ಟು ಖುಷಿ ನನಗೆ ಇಂಗ್ಲಿಷಿನಲ್ಲಿ ಅದಕ್ಕೂ ಮೊದಲು ಆಗಿರಲಿಲ್ಲ.

ಪೇಪರು ಕೊಡುವ ದಿನ ಎಲ್ಲರ ಪೇಪರು ಬಂತು, ನನ್ನದು ಬರಲಿಲ್ಲ. ನಮ್ಮ ಇಂಗ್ಲಿಷ್ ಸರ್ ಕೆಟ್ಟ ಮನುಷ್ಯರಲ್ಲ. ಕಲಬುರಗಿಯ ಶಹಾಬಜಾರ ಓಣಿಯ ಹಳೇ ಮನೆತನದವರು, ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಕ್ಲಾಸಿನಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್. ಯಾರಿಗೂ ಏರು ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರು ಮೆತ್ತಗೆ "ಸ್ಟಾಫ್ ರೂಮಿಗೆ ಬಾ ತಂಗಿ" ಅಂದರು. ನನಗೆ ಹುಚ್ಚು. ಹೊಗಳಲಿಕ್ಕೆ ಕರೆದರು ಎಂದುಕೊಂಡು ಜಡೆ ಸರಿಮಾಡಿಕೊಂಡು ಹೋದೆ.

ನನ್ನ ಪೇಪರು ಅವರ ಮೇಜಿನ ಮೇಲಿತ್ತು. ಆ ಪದದ ಕೆಳಗೆ ಕೆಂಪು ಗೆರೆ.

"ಇದರ ಅರ್ಥ ಹೇಳು ನೋಡೋಣ" ಅಂದರು.

"ಬೆವರಿಲೆ ತೊಯ್ದದ್ದು ರೀ ಸರ್."

"ಅರ್ಥ ಗೊತ್ತದ. ಅರ್ಥ ಏನು, ಗೈಡಿನಾಗೂ ಇರ್ತದ. ಈ ಪದ ಎಲ್ಲಿಂದ ತಂದಿ, ಅದು ಹೇಳು."

"ಜೋಡಿಸೀನಿ ರೀ."

"ಯಾರು ಜೋಡಿಸಿ ಕೊಟ್ಟರು?"

"ನಾನೇ ರೀ ಸರ್. ಬಾಟನಿ ಲ್ಯಾಬಿನಾಗ ಕಡ್ಲಿ ನೆನಿ ಹಾಕ್ಯಾರಲ್ರೀ…"

ಅವರು ಕಡಲೆಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಅದೇ ನನಗೆ ಹೆದರಿಕೆ ಹುಟ್ಟಿಸಿತು. ಸಿಟ್ಟಾಗುವವರು ನಡುವೆ ಬಾಯಿ ಹಾಕುತ್ತಾರೆ, ನಂಬದವರು ಮಾತ್ರ ಅಷ್ಟು ತಾಳ್ಮೆಯಿಂದ ಕೇಳುತ್ತಾರೆ. ಕಥೆ ಮುಗಿದ ಮೇಲೆ ಕಪಾಟಿನಿಂದ ಇಟ್ಟಿಗೆಯಷ್ಟು ದಪ್ಪದ ನಿಘಂಟು ತೆಗೆದು, ಗುರುತು ಇಟ್ಟುಕೊಂಡಿದ್ದ ಪುಟ ಬಿಚ್ಚಿ ನನ್ನ ಕಡೆ ತಿರುಗಿಸಿದರು. ಸ್ವೆಟ್ ಎಂಬ ಪದದ ಕೆಳಗೆ, ಇರುವೆಯಂಥ ಅಕ್ಷರದಲ್ಲಿ ನನ್ನ ಪದ ಇತ್ತು. ಗೀಟು ಸಮೇತ.

"ನೋಡು, ಇಲ್ಲಿ ಅದ. ನೀನೇ ಜೋಡಿಸಿದ್ದಾದ್ರ ಇದು ಇಲ್ಲಿ ಹ್ಯಾಂಗ ಬಂತು?"

ಪದ ನಿಘಂಟಿನಲ್ಲಿ ಇಲ್ಲದಿದ್ದರೆ ತಪ್ಪು ಎಂದು ಹೊಡೆದುಹಾಕುತ್ತಿದ್ದರು. ಇದ್ದದ್ದಕ್ಕೆ ಕಳವು ಅಂದರು. ಆ ಪುಟವನ್ನು ನೋಡುತ್ತ ನನಗೇ ಅನುಮಾನ ಬಂತು. ನಿಜವಾಗಲೂ ನಾನೇ ಜೋಡಿಸಿದೆನೋ, ಎಲ್ಲಾದರೂ ಕಣ್ಣಿಗೆ ಬಿದ್ದದ್ದು ಮನಸ್ಸಿನಲ್ಲಿ ಕುಳಿತಿತ್ತೋ? ಶೇಂಗಾ ಕಟ್ಟಿಕೊಟ್ಟ ಯಾವುದೋ ಇಂಗ್ಲಿಷ್ ಪೇಪರಿನ ಚೂರಿನಲ್ಲಿ? ಸರ್ ಪಕ್ಕದ ಮೇಜಿನ ಸರ್ ಕಡೆ ತಿರುಗಿ ಮರಾಠಿಯಲ್ಲಿ ಏನೋ ಅಂದರು. ನನಗೆ ತಿಳಿಯುವುದಿಲ್ಲ ಎಂಬ ಧೈರ್ಯ ಅವರಿಗೆ. ಕಮಲಾಪುರಕ್ಕೆ ಹಣ್ಣು ಕೊಳ್ಳಲು ಬರುವವರಲ್ಲಿ ಅರ್ಧ ಜನ ಮರಾಠಿ ಮಾತಾಡುವವರು, ಅಷ್ಟು ಮರಾಠಿ ನಮಗೆ ಬಾಳೆ ಸಿಪ್ಪೆಯ ಜೊತೆಗೇ ಸಿಕ್ಕಿರುತ್ತದೆ. ಆ ಮನೆಯ ಹುಡುಗಿಗೆ ಇಂಥದ್ದು ಹೊಳೆಯುವುದು ಸಾಧ್ಯವಿಲ್ಲ, ಹಿಂದೆ ಯಾರೋ ಇದ್ದಾರೆ ಎಂದು ಹೇಳಿದ್ದರು. ನನಗೆ ತಿಳಿಯಿತು ಎಂದು ಮುಖದಲ್ಲಿ ತೋರಿಸಲಿಲ್ಲ.

"ಸೋಮವಾರ ನಿಮ್ಮ ತಂದೀನ ಕರಕೊಂಡು ಬಾ" ಅಂದರು ನನಗೆ. "ಅವರು ಏನ್ ಹೇಳ್ತಾರ ಕೇಳ್ತೀನಿ. ಖರೆ ಗೊತ್ತಾಗಲಿಲ್ಲಂದ್ರ ಪ್ರಿನ್ಸಿಪಾಲರಿಗೆ ಬರದು ಕೊಡೋದೇ ಆಗ್ತದ. ಅಲ್ಲಿಂದ ಹಾಸ್ಟೆಲಿಗೂ ಹೋಗ್ತದ."

ಗುಲಾಬಿ ತೋಟದವರನ್ನೆಲ್ಲ ಪಾಸು ಮಾಡಿದ್ದರು. ಒಂದೇ ತೋಟ, ಒಂದೇ ನಾಯಿ, ಅಷ್ಟೂ ಪೇಪರಿನಲ್ಲಿ. ಅದು ಕಳವು ಅಂತ ಅವರಿಗೆ ಅನ್ನಿಸಲೇ ಇಲ್ಲ.

ಹಾಸ್ಟೆಲಿಗೆ ಬಂದರೆ ಅಲ್ಲಿಗೆ ಸುದ್ದಿ ಆಗಲೇ ಮುಟ್ಟಿತ್ತು. ನನ್ನ ಕೋಣೆಯವಳು ಆಳಂದ ಕಡೆಯವಳು, ಒಳ್ಳೆಯವಳೇ. ಬಾಗಿಲು ಹಾಕಿಕೊಂಡು ಪಕ್ಕಕ್ಕೆ ಬಂದು ಕೂತು, "ಖರೆ ಹೇಳು, ಯಾವ ಗೈಡು? ಎಲ್ಲಿಟ್ಟೀದಿ? ನಂಗೂ ಒಂದಿನ ಕೊಡು, ಯಾರಿಗೂ ಹೇಳಂಗಿಲ್ಲ" ಅಂದಳು. ಇಲ್ಲ ಎಂದರೆ ನಕ್ಕಳು. ಮರುದಿನ ಸ್ನಾನ ಮಾಡಿ ಬಂದಾಗ ನನ್ನ ಟ್ರಂಕಿನ ಬಟ್ಟೆ ನಾನು ಮಡಿಸಿಟ್ಟ ಹಾಗೆ ಇರಲಿಲ್ಲ. ಬೈಯಬೇಕೆನಿಸಿತು. ಆದರೆ ಅಷ್ಟು ಜನರಲ್ಲಿ ನಾನು ಕದಿಯುವಷ್ಟು ಜಾಣೆ ಎಂದು ಗೌರವ ಕೊಟ್ಟವಳು ಅವಳೊಬ್ಬಳೇ ಆದ್ದರಿಂದ ಸುಮ್ಮನಾದೆ. ಊಟದ ಸಾಲಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ನನ್ನದೇ ಮಾತು ಅನ್ನಿಸುತ್ತಿತ್ತು. ಸರ್ ಕಿವಿಗೆ ಮೊದಲು ಊದಿದವರು ಯಾರು ಎಂದು ಒಬ್ಬೊಬ್ಬರ ಮುಖವನ್ನೂ ತೂಗಿ ನೋಡಿದೆ. ಯಾರೂ ಊದಿರಲಿಲ್ಲ, ಪದವೇ ನನ್ನ ಮೇಲೆ ಚಾಡಿ ಹೇಳಿತ್ತು.

ಆ ಪದದ ಮೇಲೂ ಸಂಶಯ ಶುರುವಾಯಿತು. ಇಂಗ್ಲೆಂಡಿನಲ್ಲಿ ಬಿಸಿಲೇ ಇಲ್ಲ, ಜನ ವರ್ಷವೆಲ್ಲ ಉಣ್ಣೆ ತೊಟ್ಟು ಓಡಾಡುತ್ತಾರೆ ಎಂದು ನಮಗೆ ಪಾಠದಲ್ಲಿ ಹೇಳಿದ್ದರು. ಅಂಥ ಕಡೆ ಬೆವರಿನಿಂದ ತೊಯ್ದದ್ದು ಎಂಬ ಪದ ಯಾರಿಗೆ ಬೇಕಾಯಿತು? ನನಗಿಂತ ಮೊದಲು ಅದನ್ನು ಜೋಡಿಸಿದವರು ಯಾರು? ಅಲ್ಲಿಯೂ ಕಲ್ಲಿದ್ದಲಿನ ಗಣಿಯಲ್ಲಿ, ಕುಲುಮೆಯ ಮುಂದೆ ದುಡಿಯುವ ಅಪ್ಪಂದಿರು ಇದ್ದಿರಬೇಕಲ್ಲ. ಅವರ ಮಗಳನ್ನು ಯಾರಾದರೂ ಸ್ಟಾಫ್ ರೂಮಿಗೆ ಕರೆದು ಎಲ್ಲಿಂದ ತಂದಿ ಎಂದು ಕೇಳಿದ್ದರೇ? ಬಹಳ ವರ್ಷಗಳ ಮೇಲೆ, ಎರಡು ಸಾವಿರದ ಈಚೆಗೆ, ಪದಗಳ ಹುಟ್ಟು ಹೇಳುವ ದೊಡ್ಡ ನಿಘಂಟು ಕೈಗೆ ಸಿಕ್ಕಾಗ ಹುಡುಕಿ ನೋಡಿದೆ. ಸ್ವೆಟ್, ಸೋಕ್, ಎರಡೂ ಆ ಭಾಷೆಯ ಮನೆಮಾತಿನ ಹಳೇ ಪದಗಳು, ದೊಡ್ಡವರ ಲ್ಯಾಟಿನಿನಿಂದ ತಂದವಲ್ಲ. ಎರಡನೆಯದು ಹೀರುವುದು ಎಂಬ ಪದಕ್ಕೆ ಹತ್ತಿರದ ನೆಂಟ. ಬೆವರನ್ನು ಹೀರಿಕೊಂಡ ಬಟ್ಟೆ. ಮೊದಲು ಜೋಡಿಸಿದವರು ಯಾರು ಎಂದು ಮಾತ್ರ ಆ ನಿಘಂಟಿನಲ್ಲೂ ಇರಲಿಲ್ಲ. ನನಗೆ ಅದರಿಂದ ಸ್ವಲ್ಪ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಶನಿವಾರ ಮಧ್ಯಾಹ್ನ ಬಸ್ಸು ಹಿಡಿದು ಊರಿಗೆ ಹೋದೆ. ಅಪ್ಪ ಆಗಷ್ಟೇ ಕೋಣೆಯ ಬಾಗಿಲು ಮುಚ್ಚಿ ಸಂದಿಗೆ ಮಣ್ಣು ಮೆತ್ತುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು, ಕಣ್ಣು ಹೊಗೆಗೆ ಕೆಂಪಾಗಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ನಡೆದದ್ದನ್ನು ಹೇಳಿದೆ. ಪರೀಕ್ಷೆಯಲ್ಲಿ ಇಂಗ್ಲಿಷಿನ ಒಂದು ಪದ ಬರೆದೆ, ನಾನೇ ಬರೆದದ್ದಲ್ಲ ಎನ್ನುತ್ತಾರೆ, ನೀನು ಬಂದು ಮಾತಾಡಬೇಕು, ಇಲ್ಲದಿದ್ದರೆ ಹಾಸ್ಟೆಲ್ ಹೋಗುತ್ತದೆ ಅಂದೆ. ಆ ಪದ ಯಾವುದರ ಬಗ್ಗೆ ಎಂದು ಹೇಳಲಿಲ್ಲ. ಮುಚ್ಚಿಡಬೇಕೆಂದೇನಲ್ಲ, ಇಂಗ್ಲಿಷಿನ ಮಾತು ಅವನಿಗೇನು ಎಂದುಕೊಂಡೆ. ಅವನೂ ಕೇಳಲಿಲ್ಲ. ಕೈಗೆ ಮೆತ್ತಿದ ಮಣ್ಣನ್ನು ಗೋಡೆಗೆ ಒರೆಸಿ, "ಸೋಮಾರ ಬರ್ತೀನಿ. ನಾ ಏನ್ ಹೇಳಬೇಕು ಅಲ್ಲಿ?" ಅಂದ.

"ನನ್ನ ಮಗಳೇ ಬರದಾಳ ಅಂತ ಹೇಳು, ಸಾಕು."

"ಆಯ್ತು" ಅಂದ. ಆ ಒಂದು ಮಾತನ್ನು ಹಿಡಿದುಕೊಂಡು ನಾನು ಭಾನುವಾರ ಹಾಸ್ಟೆಲಿಗೆ ವಾಪಸು ಬಂದೆ.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಅವನನ್ನು ಕರೆದುಕೊಂಡು ಬರಲು ಹೋದೆ. ಅಪ್ಪ ನಾನು ಹೇಳಿದ್ದಕ್ಕಿಂತ ಮುಂಚಿನ ಬಸ್ಸಿಗೇ ಬಂದಿದ್ದ. ನೀರಿನ ನಲ್ಲಿಯ ಹತ್ತಿರ ನಿಂತು ಮುಖ, ಕುತ್ತಿಗೆ, ಕಂಕುಳು ತೊಳೆದುಕೊಳ್ಳುತ್ತಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗಿಂದ ಬಿಳಿ ಅಂಗಿ ತೆಗೆದು ತೊಟ್ಟ. ಮದುವೆಗಳಿಗೆ ಮಾತ್ರ ತೊಡುವ ಅಂಗಿ, ಇಸ್ತ್ರಿ ಮಾಡಿಸಿದ್ದ. ಊರಿಂದ ಬರುವಾಗ ತೊಟ್ಟಿದ್ದ ಹಳೇ ಅಂಗಿಯನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಿದ. ಬಸ್ಸಿನಲ್ಲಿ ಬಿಳಿ ಅಂಗಿಗೆ ಬೆವರು ಹತ್ತಬಾರದು ಎಂದು ಹೀಗೆ ಮಾಡಿದ್ದ. ಆಮೇಲೆ ಕಾಲೇಜಿನವರೆಗೆ ರಿಕ್ಷಾದಲ್ಲಿ ಹೋಗೋಣ ಅಂದ. ಅಪ್ಪನ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು. ಒಳ್ಳೆಯದೇ ಆಯಿತು, ಸರ್ ಮುಂದೆ ಅಪ್ಪ ಗಟ್ಟಿಯಾಗಿ ನಿಲ್ಲುತ್ತಾನೆ ಎಂದು ನನಗೆ ಧೈರ್ಯ ಬಂತು.

ಸ್ಟಾಫ್ ರೂಮಿನ ಫ್ಯಾನು ಅವತ್ತು ಕರೆಂಟಿಲ್ಲದೆ ನಿಂತಿತ್ತು. ಸರ್ ಎದ್ದು ನಿಂತು "ಬರ್ರಿ, ಕೂಡ್ರಿ" ಅಂದರು. ಅಪ್ಪ ಕೂಡಲಿಲ್ಲ. ಬಾಗಿಲಿನ ಒಳಗೆ ಎರಡು ಹೆಜ್ಜೆ ಬಂದು ನಿಂತ. ಸರ್ ತಮ್ಮ ಮಟ್ಟಿಗೆ ನ್ಯಾಯವಾಗಿಯೇ ನಡೆದುಕೊಂಡರು, ಅದನ್ನು ಒಪ್ಪಬೇಕು. ನಿಮ್ಮ ಮಗಳ ಮೇಲೆ ಸಿಟ್ಟಿಲ್ಲ, ಆದರೆ ಈ ಇಂಗ್ಲಿಷ್ ಆಕೆಯದಲ್ಲ ಎಂದು ನನಗೆ ಅನುಮಾನ, ನೀವೇ ಕೇಳಿ ಹೇಳಿರಿ ಅಂದರು. ಪೇಪರು ಕೈಗೆತ್ತಿಕೊಂಡು ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿ, ಅಪ್ಪನಿಗೆ ತಿಳಿಯಲಿ ಎಂದು ಕನ್ನಡ ಮಾಡಿ ಹೇಳುತ್ತ ಹೋದರು. ತಗಡಿನ ಚಾವಣಿ ಬಂತು, ನೀಲಿ ಕೋಟಿನ ಫೋಟೊ ಬಂತು, ಅವ್ವನ ಒಲೆ ಬಂತು. ಅಪ್ಪ ತಲೆ ಆಡಿಸುತ್ತಿದ್ದ. ಫೋಟೊದ ಮಾತು ಬಂದಾಗ ನನ್ನ ಕಡೆ ನೋಡಿ ಸಣ್ಣಗೆ ನಕ್ಕಿದ್ದೂ ಉಂಟು.

ಆಮೇಲೆ ಸರ್ ಆ ಸಾಲು ಓದಿದರು.

"ಸಂಜಿಮುಂದ ನಮ್ಮ ಮನಿಗೆ ಮೊದಲ ಬರೋದು ನಮ್ಮಪ್ಪ ಅಲ್ಲ. ಬೆವರಿಲೆ ತೊಯ್ದ ಅವನ ಅಂಗಿ ವಾಸನಿ. ಅದರ ಹಿಂದ ಅವ ಬರ್ತಾನ."

ಓದಿ ತಲೆ ಎತ್ತಿ ಅವರು ಅಪ್ಪನ ಕಡೆ ನೋಡಿದರು. ಬೇಕೆಂದು ನೋಡಿದ್ದಲ್ಲ. ಅಂಥದ್ದನ್ನು ಓದಿದ ಮೇಲೆ ಯಾರ ಕಣ್ಣಾದರೂ ಅಂಗಿಯ ಮೇಲೆ ಹೋಗುತ್ತದೆ. ಪಕ್ಕದ ಮೇಜಿನ ಸರ್ ಕೂಡ ಓದುತ್ತಿದ್ದ ದಿನಪತ್ರಿಕೆ ಕೆಳಗಿಳಿಸಿ ನೋಡಿದರು. ಗಾಳಿಯಿಲ್ಲದ ಕೋಣೆ. ಅಪ್ಪನ ಇಸ್ತ್ರಿ ಅಂಗಿಯ ಎದೆ, ಕಂಕುಳು ಅಷ್ಟರಲ್ಲೇ ಒದ್ದೆಯಾಗಿದ್ದವು. ಅವನು ಒಂದು ಹೆಜ್ಜೆ ಹಿಂದೆ ಸರಿದ. ಹೆದರಿದ ಎಂದುಕೊಂಡೆ ನಾನು.

"ಈಗ ನೀವು ಹೇಳ್ರಿ" ಅಂದರು ಸರ್. "ಹಿಂಗ ಬರಿಯೋ ಅಷ್ಟು ಇಂಗ್ಲಿಷ್ ಆಕಿಗಿ ಬರ್ತದೇನು? ಇದು ನಿಮ್ಮ ಮಗಳೇ ಬರದಿದ್ದೇನು?"

ನಾನು ಅಪ್ಪನ ಮುಖ ನೋಡಿದೆ. ಹೌದ್ರಿ ಅಂದರೆ ಮುಗಿಯಿತು. ಅಪ್ಪ ನೆಲ ನೋಡುತ್ತ ನಿಂತ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

"ನಾವು ಹಣ್ಣಿನ ಕ್ವಾಣ್ಯಾಗ ಕೆಲಸ ಮಾಡವ್ರು ರೀ ಸಾಹೇಬ್ರೆ" ಅಂದ ಕೊನೆಗೆ. "ಮುಚ್ಚಿದ ಕ್ವಾಣಿ ಒಳಗಿನ ಹಣ್ಣಿನ ಮಾತು ನಾವು ಆಡಂಗಿಲ್ರಿ. ಬಾಗಲ ತೆಗದ ಮ್ಯಾಲ ಗೊತ್ತಾಗ್ತದ."

ಸರ್‌ಗೆ ತಿಳಿಯಲಿಲ್ಲ. "ಅಂದ್ರ? ಆಕಿನೇ ಬರದಾಳ ಅಂತ ನಿಮಗ ಖಾತ್ರಿ ಇಲ್ಲ?"

"ನಾ ಏನೂ ಹೇಳಂಗಿಲ್ರಿ."

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಹಾಳಾದ ಕೋಣೆ, ಹಾಳಾದ ಪದ್ಧತಿ, ಇಲ್ಲಿಗೂ ತರಬೇಕಿತ್ತೇ ಎಂದು ಮನಸ್ಸಿನಲ್ಲೇ ಬೈದೆ. ಆದರೆ ಸರ್ ಮುಖ ಮೆತ್ತಗಾಯಿತು. ಪೇಪರು ಕೆಳಗಿಟ್ಟು ಪಕ್ಕದವರ ಕಡೆ ತಿರುಗಿ, ಈ ಸಲ ಕನ್ನಡದಲ್ಲೇ, "ನೋಡ್ರಿ, ಖರೇ ಮನುಷ್ಯಾ. ಮಗಳ ಸಲುವಾಗಿನೂ ಸುಳ್ಳ ಹೇಳಲಿಲ್ಲ" ಅಂದರು. ನನಗೆ, ಇಂಥ ತಂದೆಯ ಮಗಳಾಗಿ ಹೀಗೆ ಮಾಡಬಾರದು ಎಂದು ನಾಲ್ಕು ಮಾತು ಹೇಳಿದರು. ಪ್ರಿನ್ಸಿಪಾಲರಿಗೆ ಬರೆಯುವುದಿಲ್ಲ, ನಿಮ್ಮ ಮುಖ ನೋಡಿ ಬಿಟ್ಟಿದ್ದೇನೆ ಎಂದು ಅಪ್ಪನಿಗೆ ಹೇಳಿದರು. ಆ ಸಾಲಿನ ಮೇಲೆ ಕೆಂಪು ಪೆನ್ನಿನಿಂದ ಉದ್ದಕ್ಕೂ ಗೀಟು ಹೊಡೆದು ಪೇಪರನ್ನು ನನ್ನ ಕೈಗೆ ಕೊಟ್ಟರು. ಅಪ್ಪ ಎರಡೂ ಕೈ ಜೋಡಿಸಿದ. ನಾನು ಜೋಡಿಸಲಿಲ್ಲ.

ಹಾಸ್ಟೆಲ್ ಉಳಿಯಿತು. ಕಾಲೇಜಿನ ಗೇಟು ದಾಟುವಾಗ ನನಗೆ ಅದರ ನೆನಪೂ ಆಗಲಿಲ್ಲ. ವಾಪಸು ಬಸ್ ಸ್ಟ್ಯಾಂಡಿಗೆ ನಡೆದೇ ಹೋದೆವು. ಅಪ್ಪ ಮುಂದೆ, ನಾನು ಹಿಂದೆ. ಬಿಸಿಲು ನೆತ್ತಿಯ ಮೇಲಿತ್ತು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಅಪ್ಪನಿಗೆ ನನ್ನ ಮೇಲೆ ನಂಬಿಕೆಯಿಲ್ಲ. ಯಾವತ್ತೂ ಇರಲಿಲ್ಲ. ಹೊರಗಿನವರ ಅನುಮಾನವಾದರೆ ಬೈದುಕೊಂಡು ತಿರುಗಬಹುದು, ಮನೆಯ ಅನುಮಾನವನ್ನು ಎಲ್ಲಿ ಇಡುವುದು? ಒಮ್ಮೆ ಹೀಗೂ ಅನ್ನಿಸಿತು: ಸೀಟು ಉಳಿಸಲಿಕ್ಕೆ ಲೆಕ್ಕ ಹಾಕಿಯೇ ಆ ಮಾತು ಆಡಿದನೋ? ಆದರೆ ಅಪ್ಪ ಅಷ್ಟು ಲೆಕ್ಕದ ಮನುಷ್ಯನಲ್ಲ. ಅದನ್ನೂ ನಂಬಲಾಗಲಿಲ್ಲ.

ಸ್ಟ್ಯಾಂಡಿನಲ್ಲಿ ಕಮಲಾಪುರ ಹಾದು ಹೋಗುವ ಹುಮನಾಬಾದ್ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ಅವನು ಕೂತ. ನಾನು ಎದುರಿಗೆ ನಿಂತು ಕೇಳಿಯೇಬಿಟ್ಟೆ.

"ಅಪ್ಪಾ, ನಾನೇ ಬರದೀನಂತ ನಿನಗ ನಂಬಿಗಿ ಇಲ್ಲೇನು?"

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿತೆಂದು ತೋರುತ್ತದೆ. "ಅವರು ಓದಿದ ಕೂಡ್ಲೆ ಗೊತ್ತಾಯ್ತಲ್ಲ ನಿಂದೇ ಅಂತ" ಅಂದ. "ಮನ್ಯಾಗ ಇದ್ದವರ ಬಿಟ್ಟು ಯಾರಿಗಿ ಗೊತ್ತಿರ್ತದ ಅದು?"

"ಮತ್ತ್ಯಾಕ ಹೇಳಲಿಲ್ಲ? ಹೇಳ್ತೀನಂದಿದ್ದಿ. ಕ್ವಾಣಿ ಮಾತು ಯಾಕ ತಗದಿ?"

"ಬಾಯಿಗಿ ಬಂದದ್ದು ಅದೇ."

ಒದ್ದೆ ಅಂಗಿಯನ್ನು ಎರಡು ಬೆರಳಿನಿಂದ ಹಿಡಿದು ಎದೆಯಿಂದ ದೂರ ಎಳೆದು, ಗಾಳಿ ಆಡಿಸಿಕೊಂಡ. ನನ್ನ ಮುಖ ನೋಡದೆ ಹೇಳಿದ.

"ಕಳವೇ ಆಗಿದ್ರ ಛಲೋ ಇತ್ತವ್ವ. ಆವಾಗ ಅದು ಬ್ಯಾರೆ ಯಾರೋ ಅಪ್ಪನ ಅಂಗಿ ಆಗ್ತಿತ್ತು."

ಅಷ್ಟರಲ್ಲಿ ಬಸ್ಸು ಬಂತು. ಮಧ್ಯಾಹ್ನದ ಬಸ್ಸು, ಅರ್ಧಕ್ಕರ್ಧ ಸೀಟು ಖಾಲಿ. ಅಪ್ಪ ಹತ್ತಿ, ಖಾಲಿ ಸೀಟುಗಳನ್ನೆಲ್ಲ ದಾಟಿ ಹಿಂದಿನ ಬಾಗಿಲಿನ ತನಕ ಹೋದ. ಕಂಡಕ್ಟರ್ ಕೂಡ್ರಿ ಎಂದು ಕೈ ತೋರಿಸುವುದು ಕಿಟಕಿಯಲ್ಲಿ ಕಾಣಿಸಿತು. ಅಪ್ಪ ತಲೆಯಾಡಿಸಿ, ಕಂಬ ಹಿಡಿದುಕೊಂಡು, ಯಾರ ಪಕ್ಕದಲ್ಲೂ ಕೂಡದೆ ನಿಂತೇ ಹೋದ.